ಶಸ್ತ್ರನಗರಗಳಿಗೆ ಎರಡನೆಯ ಕಸುಬು

ಮಾನ್ಯ ಸಂಪಾದಕರೇ,

ಶಸ್ತ್ರಾಸ್ತ್ರ ಸಂಶೋಧನೆಗೆಂದೇ ಜನವಸತಿಯಿಂದ ದೂರದಲ್ಲಿ ಕಟ್ಟಿದ ಊರುಗಳು, ಆ ಕೆಲಸ ಕುಗ್ಗಿದ ದಿನ ಹೊಟ್ಟೆಪಾಡಿಗೆ ಏನು ಮಾಡಬೇಕು? ರಕ್ಷಣಾ ಪ್ರಯೋಗಾಲಯವೊಂದರಲ್ಲಿ ದುಡಿದು ನಿವೃತ್ತನಾದ ನನಗೆ ಇದು ಪರದೇಶದ ಪ್ರಶ್ನೆಯಾಗಿ ಕಾಣುವುದಿಲ್ಲ.

ಸೋವಿಯತ್ ಒಕ್ಕೂಟವು ಅಣ್ವಸ್ತ್ರಕ್ಕಾಗಿ ಹತ್ತು ನಗರಗಳನ್ನು ಬೇಲಿಯೊಳಗೆ ಇಟ್ಟು, ಭೂಪಟದಲ್ಲಿ ಅವುಗಳ ಗುರುತೇ ಇಲ್ಲದಂತೆ ಮಾಡಿತ್ತು. ಅವುಗಳಲ್ಲೊಂದಾದ ಸರೋವ್ ನಗರವನ್ನು ಅರ್ಜಮಾಸ್-16 ಎಂಬ ಗುಪ್ತನಾಮದಿಂದ ಕರೆಯುತ್ತಿದ್ದರು. ಒಕ್ಕೂಟ ಒಡೆದ ಮೇಲೆ ಈ ನಗರಗಳಲ್ಲಿ ತಿಂಗಳುಗಟ್ಟಲೆ ಸಂಬಳ ನಿಂತಿತು. ಇಂಥದೇ ಇನ್ನೊಂದು ನಗರ ಸ್ನೆಝಿನ್ಸ್ಕ್‌ನ ಸಂಶೋಧನಾ ಸಂಸ್ಥೆಯ ನಿರ್ದೇಶಕ ವ್ಲಾದಿಮಿರ್ ನೆಚಾಯ್ ಆ ಸಂಕಟದ ನಡುವೆಯೇ 1996ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಈ ನಗರಗಳಲ್ಲಿ ನಾಗರಿಕ ಉದ್ಯೋಗ ಸೃಷ್ಟಿಸಲು ಅಮೆರಿಕ 1998ರಲ್ಲಿ ಯೋಜನೆಯೊಂದನ್ನು ಆರಂಭಿಸಿತಾದರೂ, ಮೊದಲ ಎರಡು ವರ್ಷ ಖರ್ಚಾದ ಹಣದಲ್ಲಿ ಸುಮಾರು ಶೇ 70ರಷ್ಟು ಅಮೆರಿಕದಲ್ಲೇ ಉಳಿಯಿತೆಂದು ಆ ದೇಶದ ಲೆಕ್ಕಪರಿಶೋಧಕರೇ ವರದಿ ಮಾಡಿದರು. ಅಲ್ಲಿನ ವಿಜ್ಞಾನಿಗಳಿಗೆ ಪ್ರತಿಭೆಯ ಕೊರತೆ ಇರಲಿಲ್ಲ. ಅವರು ತಯಾರಿಸಬಲ್ಲ ವಸ್ತುವನ್ನು ಕೊಳ್ಳುವವರಿರಲಿಲ್ಲ, ಪರವಾನಗಿ ಇಲ್ಲದೆ ಹೊರಗಿನ ಉದ್ಯಮಿ ಬೇಲಿ ದಾಟುವಂತೆಯೂ ಇರಲಿಲ್ಲ.

ಬೆಂಗಳೂರಿನ ಅನುಭವ ಬೇರೆ. ಎರಡನೆಯ ಮಹಾಯುದ್ಧ ಮುಗಿದು ವಿಮಾನದ ಕೆಲಸ ತಗ್ಗಿದಾಗ ಎಚ್‌ಎಎಲ್ ರೈಲು ಬೋಗಿಗಳನ್ನು ತಯಾರಿಸಿತು. ರೈಲ್ವೆ ಇಲಾಖೆ ಅವನ್ನು ಕೊಂಡಿತು. ಆ ವಿಭಾಗವು 1964ರಲ್ಲಿ ಹುಟ್ಟಿದ ಬಿಇಎಂಎಲ್‌ಗೆ ಸೇರಿತು, ನಮ್ಮ ಮೆಟ್ರೊದ ಮೊದಲ ಹಂತದ ಬೋಗಿಗಳೂ ಅದೇ ಸಂಸ್ಥೆಯಿಂದ ಬಂದವು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಹತ್ತಿರದಲ್ಲೇ ಇದೆ. ಕೆಜಿಎಫ್ ಶಸ್ತ್ರನಗರವಲ್ಲ, ಆದರೆ ಒಂದೇ ಕಸುಬನ್ನು ನಂಬಿದ ಊರು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಮಂದಿಗೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಬರುವುದೇ ಜೀವನವಾಯಿತು.

ಈಗ ಚಳ್ಳಕೆರೆಯ ಬಳಿ, ಕುರಿ-ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯಲ್ಲಿ ರಕ್ಷಣೆ ಮತ್ತು ಅಣುಶಕ್ತಿ ಸಂಸ್ಥೆಗಳು ನೆಲೆಯೂರಿವೆ. ಅವು ಬೇಡವೆಂಬುದು ನನ್ನ ವಾದವಲ್ಲ. ಬೇಲಿಯ ಹೊರಗೆ ವೈದ್ಯಕೀಯ ಉಪಕರಣ, ಕೃಷಿ ಯಂತ್ರಗಳಂತಹ ನಾಗರಿಕ ತಯಾರಿಕೆಗೆ ಜಾಗ ಮೀಸಲಿಟ್ಟು, ಅದಕ್ಕೆ ಸರ್ಕಾರಿ ಆಸ್ಪತ್ರೆಗಳು ಮತ್ತು ಕೃಷಿ ಇಲಾಖೆಯ ಖರೀದಿ ಭರವಸೆಯನ್ನು ರಾಜ್ಯ ಸರ್ಕಾರ ಈಗಲೇ ಲಿಖಿತವಾಗಿ ಕೊಡಿಸಬೇಕು. ಆ ಕೆಲಸಗಳಲ್ಲಿ ಮೊದಲ ಹಕ್ಕು ಕಾವಲನ್ನು ಕಳೆದುಕೊಂಡ ಹಳ್ಳಿಗಳ ಮಕ್ಕಳಿಗೆ ಸಿಗಬೇಕು.

— ನಿವೃತ್ತ ಎಂಜಿನಿಯರ್, ಸಿ.ವಿ. ರಾಮನ್ ನಗರ, ಬೆಂಗಳೂರು