ಶಾಲಾ ಗ್ರಂಥಾಲಯದ ಇತಿಹಾಸ ಮತ್ತು ಭಾಷಾ ವಿಭಾಗಕ್ಕೆ ನೆರವು ಕೋರಿ ಮನವಿ

ವಿದ್ಯಾಭಿಮಾನಿಗಳಾದ ಮಹನೀಯರಲ್ಲಿ,

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ನಮ್ಮ ಟ್ರಸ್ಟ್ ನಡೆಸುತ್ತಿರುವ ಪ್ರೌಢಶಾಲೆಯ ಗ್ರಂಥಾಲಯದಲ್ಲಿ ಈ ಸೀಮೆಯ ಇತಿಹಾಸಕ್ಕೂ ಕನ್ನಡ ಭಾಷೆಗೂ ಸಂಬಂಧಿಸಿದ ಪುಸ್ತಕಗಳ ಪ್ರತ್ಯೇಕ ವಿಭಾಗವೊಂದನ್ನು ತೆರೆಯಲು ಆಡಳಿತ ಮಂಡಳಿಯು ನಿಶ್ಚಯಿಸಿದ್ದು, ಅದಕ್ಕೆ ತಮ್ಮ ನೆರವನ್ನು ಕೋರಿ ಈ ಮನವಿಯನ್ನು ಮಾಡಿಕೊಳ್ಳುತ್ತಿದ್ದೇವೆ.

ಕದಂಬ ಮಯೂರಶರ್ಮನ ಕಥೆಯನ್ನು ಕುಬ್ಜನೆಂಬ ಕವಿ ಸಂಸ್ಕೃತ ಕಾವ್ಯವಾಗಿ ಬರೆದು ಕಂಬದ ಮೇಲೆ ಕೆತ್ತಿಸಿದ್ದು ಇದೇ ತಾಲ್ಲೂಕಿನ ತಾಳಗುಂದದಲ್ಲಿ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಹೆಸರಿನೊಡನೆ ಬೆಸೆದುಕೊಂಡಿರುವ ಬಳ್ಳಿಗಾವಿ, 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡು ಮರುವರ್ಷ ಐವರನ್ನು ಗಲ್ಲಿಗೆ ಕಳೆದುಕೊಂಡ ಈಸೂರು, ಇವೆಲ್ಲ ನಮ್ಮ ಮಕ್ಕಳು ಬಸ್ಸಿನಲ್ಲಿ ದಿನವೂ ಕೇಳುವ ಊರಿನ ಹೆಸರುಗಳು. ಆದರೆ ಈ ಊರುಗಳ ವಿಷಯವಾಗಿ ಮಗುವೊಂದು ಪ್ರಶ್ನೆ ಕೇಳಿದರೆ ತೆಗೆದು ತೋರಿಸಲು ನಮ್ಮ ಶಾಲೆಯಲ್ಲಿ ಪಠ್ಯಪುಸ್ತಕದ ಒಂದೆರಡು ಪ್ಯಾರಾಗಳ ಹೊರತು ಬೇರೇನೂ ಇಲ್ಲ. ಉಳಿದದ್ದನ್ನು ಮಕ್ಕಳು ಮೊಬೈಲಿನಲ್ಲಿ ಬರುವ ವಿಡಿಯೋಗಳಿಂದ ತಿಳಿದುಕೊಳ್ಳುತ್ತಾರೆ. ಅವುಗಳಲ್ಲಿ ರಾಜರ ಪರಾಕ್ರಮ ಹೆಚ್ಚು, ಆಧಾರ ಕಡಿಮೆ.

ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ, ಕಳಚುರಿ ಬಿಜ್ಜಳನ ಕಾಲದ ಕ್ರಿ.ಶ. 1162ರ ಶಾಸನವೊಂದು ಅಲ್ಲಿನ ಕೋಡಿಯ ಮಠವನ್ನು ವರ್ಣಿಸುತ್ತದೆ. ನಾಲ್ಕು ವೇದಗಳ ಅಧ್ಯಯನಕ್ಕೂ, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನಕ್ಕೂ ಅದು ಸ್ಥಾನವಾಗಿತ್ತು. ದೀನರಿಗೂ ಅಂಗವಿಕಲರಿಗೂ ಹಾಡುವವರಿಗೂ ವಾದ್ಯ ನುಡಿಸುವವರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿತ್ತು. ವ್ಯಾಕರಣ ಪಾಠವೂ ಅನ್ನದಾನವೂ ಒಂದೇ ಸೂರಿನಡಿ ನಡೆದ, ಅದಕ್ಕಾಗಿ ದತ್ತಿ ಬಿಟ್ಟವರಿದ್ದ ಊರಿನ ನೆರೆಯಲ್ಲಿ ನಿಂತು ನಾವು ಪುಸ್ತಕಕ್ಕಾಗಿ ಕೇಳುತ್ತಿದ್ದೇವೆ ಎಂಬುದರಲ್ಲಿ ನಮಗೆ ಸಂಕೋಚವಿಲ್ಲ. ಕೊಠಡಿಗೂ ಕಮಾನಿಗೂ ದಾನಿಗಳು ಬೇಗ ಸಿಗುತ್ತಾರೆ, ಗೋಡೆಯ ಮೇಲೆ ಹೆಸರು ಕಾಣುತ್ತದೆ. ಪುಸ್ತಕಕ್ಕೆ ಕೊಡುವವರು ವಿರಳ ಎಂಬುದು ನಮ್ಮ ಅನುಭವ.

ಯಾವ ಪುಸ್ತಕಗಳು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಪಟ್ಟಿಯಲ್ಲಿ ಮೊದಲು ಬರೆದುಕೊಂಡಿರುವುದು ನಿಘಂಟುಗಳನ್ನು: ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಅದರೊಂದಿಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶದ ಮರುಮುದ್ರಣ. ಶಾಸನದಲ್ಲಿ ಬರುವ ಮತ್ತರು, ಕಮ್ಮ ಎಂಬ ನೆಲದ ಅಳತೆಗಳು, ಗದ್ಯಾಣವೆಂಬ ಚಿನ್ನದ ನಾಣ್ಯ, ಹೆರ್ಜುಂಕ, ವಡ್ಡರಾವುಳವೆಂಬ ಸುಂಕಗಳು ಏನೆಂದು ತಿಳಿಯದೆ ದತ್ತಿಯ ಪ್ರಮಾಣವಾಗಲಿ ಅಂದಿನ ತೆರಿಗೆಯಾಗಲಿ ಅರ್ಥವಾಗುವುದಿಲ್ಲ. ನಮಗೆ ಬೇಕಾಗಿರುವ ಆ ಶಾಸನಗಳ ಮೂಲಪಾಠ, ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲೂ ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳವನ್ನು 1904ರಲ್ಲೂ ಪ್ರಕಟಿಸಿದರು. ಹಳೆಯ ಪ್ರತಿಗಳು ಈಗ ದುರ್ಲಭವಾಗಿರುವುದರಿಂದ ನೆರಳಚ್ಚು ಪ್ರತಿಯನ್ನು ಬೈಂಡು ಮಾಡಿಸಿ ಇಡುವುದು ನಮ್ಮ ಆಲೋಚನೆ.

ಭಾಷೆಯ ಭಾಗದಲ್ಲಿ ಹೊಸಗನ್ನಡ ಅರ್ಥಸಹಿತವಾದ ಕವಿರಾಜಮಾರ್ಗ, ಶಬ್ದಮಣಿದರ್ಪಣಗಳೂ, 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯೂ ಇರಬೇಕು. ಕವಿಚರಿತೆಯ ಕಾಲನಿರ್ಣಯಗಳನ್ನು ಮುಂದಿನ ವಿದ್ವಾಂಸರು ಹಲವೆಡೆ ತಿದ್ದಿರುವುದರಿಂದ ಅದರ ಪಕ್ಕದಲ್ಲಿಯೇ ಈಚಿನ ಸಾಹಿತ್ಯ ಚರಿತ್ರೆಯ ಸಂಪುಟಗಳನ್ನೂ ಇಡುತ್ತೇವೆ. ಭಿನ್ನ ಅಭಿಪ್ರಾಯಗಳು ಒಂದೇ ಕಪಾಟಿನಲ್ಲಿ ಇರಬೇಕೆಂಬುದು ಆಯ್ಕೆ ಸಮಿತಿಯ ಖಚಿತ ನಿಲುವು. ಹಲ್ಮಿಡಿಯದೇ ಕನ್ನಡದ ಅತ್ಯಂತ ಹಳೆಯ ಶಾಸನವೆಂದು ನಾವೆಲ್ಲ ಓದಿದ್ದೇವೆ. ತಾಳಗುಂದದ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ (ಮೆಟ್ಟಿಲ ಪಕ್ಕದ ಸಿಂಹದ ಕೆತ್ತನೆಯ ತಡೆಗಲ್ಲಿನ) ಶಾಸನವು ಅದಕ್ಕಿಂತ ಹಿಂದಿನದು, ಸುಮಾರು ಕ್ರಿ.ಶ. 370ರದು ಎಂಬ ವಾದವೂ ಈಗ ಇದೆ. ನಮ್ಮ ಊರಿನದೆಂಬ ಅಭಿಮಾನದಿಂದ ಎರಡನೆಯದನ್ನು ಮಾತ್ರ ಕಲಿಸುವುದು ಸುಲಭ. ಹತ್ತನೆಯ ತರಗತಿಯ ವಿದ್ಯಾರ್ಥಿ ಎರಡೂ ವಾದಗಳನ್ನು ಓದಿ, ಲಿಪಿಯಿಂದ ಕಾಲವನ್ನು ಹೇಗೆ ಗೊತ್ತುಮಾಡುತ್ತಾರೆಂದು ಕೇಳುವಂತಾಗಬೇಕೆಂಬುದು ನಮ್ಮ ಆಸೆ.

ಶಾಸನ ಬರೆಸಲಾಗದವರ ಚರಿತ್ರೆಯೂ ಇಲ್ಲಿ ಬೇಕು. ಆದುದರಿಂದ ಊರುಗಳ ಹಳೆಯ ವೃತ್ತಾಂತಗಳಾದ ಕೈಫಿಯತ್ತುಗಳ ಸಂಕಲನ, ಕೆಳದಿ ಅರಸರ ಕಾಲದ ಆಡಳಿತದ ಅಧ್ಯಯನಗಳು, ಕೆರೆಗಳನ್ನು ಕುರಿತ ಪುಸ್ತಕಗಳು, ಈಸೂರಿನ ಹೋರಾಟದ ದಾಖಲೆಗಳು, ಮಲೆನಾಡಿನ ಜಾನಪದ ಸಂಗ್ರಹಗಳು ಪಟ್ಟಿಯಲ್ಲಿವೆ. ತಾಲ್ಲೂಕಿನ ತಾಂಡಾಗಳಿಂದ ಬರುವ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತನಾಡುತ್ತಾರೆ, ಇನ್ನು ಕೆಲವರು ಉರ್ದು. ಅವರ ನುಡಿ ಮತ್ತು ಹಾಡುಗಳನ್ನು ಕುರಿತು ಕನ್ನಡದಲ್ಲಿ ಬಂದಿರುವ ಕೃತಿಗಳಿಗೂ ಒಂದು ಸಾಲು ಮೀಸಲಾಗಿದೆ.

ಈ ಬಗೆಯ ಪುಸ್ತಕಗಳನ್ನು ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಅಕಾಡೆಮಿಗಳು, ಕನ್ನಡ ಪುಸ್ತಕ ಪ್ರಾಧಿಕಾರ ಮುಂತಾದವು ಕಡಿಮೆ ಬೆಲೆಗೆ ಕೊಡುತ್ತವೆಯಾದರೂ, ಒಮ್ಮೆ ಪ್ರತಿಗಳು ಮುಗಿದರೆ ಮರುಮುದ್ರಣಕ್ಕೆ ಎಷ್ಟೋ ಕಾಲ ಕಾಯಬೇಕಾಗುತ್ತದೆ. ಹಾಗಾಗಿ ಲಭ್ಯವಿರುವಾಗಲೇ ಒಟ್ಟಿಗೆ ಕೊಳ್ಳುವುದು ಜಾಣತನ. ಪುಸ್ತಕಗಳಿಗೆ ಎರಡು ಲಕ್ಷ ರೂಪಾಯಿ, ಮಳೆಗಾಲದ ತೇವಕ್ಕೂ ಗೆದ್ದಲಿಗೂ ಜಗ್ಗದ ಕಬ್ಬಿಣದ ಬೀರುಗಳು, ಬೈಂಡಿಂಗ್ ಮತ್ತು ಓದುವ ಮೇಜುಗಳಿಗೆ ಒಂದು ಲಕ್ಷ ರೂಪಾಯಿ ತಗಲುವುದೆಂದು ಅಂದಾಜಿಸಿದ್ದೇವೆ. ಶಾಲಾ ಅವಧಿಯ ನಂತರ ಸಂಜೆ ಊರವರಿಗೂ ಕೊಠಡಿ ತೆರೆದಿರುತ್ತದೆ.

ದೇಣಿಗೆ ಎಷ್ಟೇ ಇರಲಿ, ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ. ಇಡೀ ಸಂಪುಟ ಮಾಲೆಯೊಂದರ ವೆಚ್ಚವನ್ನು ವಹಿಸಿಕೊಳ್ಳುವವರು ಹಿರಿಯರ ಸ್ಮರಣಾರ್ಥ ಕೊಡಬಯಸಿದಲ್ಲಿ ಆ ಹೆಸರನ್ನು ಪುಸ್ತಕದ ಒಳಪುಟದಲ್ಲಿ ನಮೂದಿಸಲಾಗುವುದು. ಹಣವನ್ನು ಟ್ರಸ್ಟಿನ ಹೆಸರಿನ ಚೆಕ್ ಅಥವಾ ಬ್ಯಾಂಕ್ ಜಮೆಯ ಮೂಲಕ ಕಳುಹಿಸಬಹುದು. ಖಾತೆಯ ವಿವರವನ್ನು ಶಾಲಾ ಕಚೇರಿಯಲ್ಲಿ ಪಡೆಯಬಹುದು. ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಅನ್ವಯಿಸುತ್ತದೆ ಮತ್ತು ನಗದಾಗಿ ಕೊಟ್ಟ ಮೊತ್ತ ರೂ. 2,000ವನ್ನು ಮೀರಿದರೆ ದೊರೆಯುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಮನೆಯಲ್ಲಿರುವ ಹಳೆಯ ಪುಸ್ತಕಗಳನ್ನು ಕೊಡಲು ಇಚ್ಛಿಸುವವರು ಮೊದಲು ಅವುಗಳ ಪಟ್ಟಿಯನ್ನು ಕಳುಹಿಸಿದರೆ ಅನುಕೂಲ. ಗೈಡುಗಳು, ಹಳೆಯ ಪಠ್ಯಪುಸ್ತಕಗಳು ಬೇಡ. ಊರಿನ ಜಾತ್ರೆಯ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಸ್ಥಳಪುರಾಣದ ಕಿರುಹೊತ್ತಿಗೆಗಳು ಹರಿದಿದ್ದರೂ ಬೇಕು, ಏಕೆಂದರೆ ಅವು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಖರೀದಿಸಿದ ಪುಸ್ತಕಗಳ ಪಟ್ಟಿಯನ್ನೂ ಲೆಕ್ಕಪರಿಶೋಧಿತ ಖರ್ಚಿನ ವಿವರವನ್ನೂ ವರ್ಷಾಂತ್ಯದಲ್ಲಿ ದಾನಿಗಳೆಲ್ಲರಿಗೂ ಕಳುಹಿಸಿಕೊಡುತ್ತೇವೆ.

ತಮ್ಮ ವಿಶ್ವಾಸಿಗಳು,
ಆಡಳಿತ ಮಂಡಳಿ ಮತ್ತು ಗ್ರಂಥಾಲಯ ಸಮಿತಿಯ ಸದಸ್ಯರು