ಅಪ್ಪನಿಗೆ ಹೊಲ ಬಿಟ್ಟುಕೊಟ್ಟವರಿಗೆ

ಮೊನ್ನೆ ಅಪ್ಪನ ವರ್ಷದ ಪುಣ್ಯಸ್ಮರಣೆ ಮುಗಿಯಿತು. ಊರ ಹಿರಿಯರು, ಬೀಗರು, ಮಠದ ಅಜ್ಜಾವರು, ಅಪ್ಪ ಮಾಡಿದ ಕೂರಿಗೆ, ಅಂದರೆ ಸಾಲಿನಲ್ಲಿ ಬೀಜ ಬಿತ್ತುವ ಸಲಕರಣೆ, ಒಯ್ದು ಬಿತ್ತಿದ್ದ ಸುತ್ತಲಿನ ಹಳ್ಳಿಗಳ ರೈತರು, ಎಲ್ಲರೂ ಬಂದು ಪ್ರಸಾದ ಸ್ವೀಕರಿಸಿ ಹೋದಿರಿ. ಕಳೆದ ವರ್ಷ ಆ ದುಃಖದಲ್ಲಿ ಯಾರಿಗೂ ನೆಟ್ಟಗೆ ಒಂದು ಮಾತು ಹೇಳಲಾಗಿರಲಿಲ್ಲ. ಅವ್ವ, ತಮ್ಮ ಮತ್ತು ನಾನು, ಮೂವರ ಪರವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಶರಣು ಹೊಲ ಕೊಟ್ಟವರಿಗೆ. ನವಲಗುಂದ ಕಡೆಯ ನಮ್ಮ ಎರೆಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಹಿಂಗಾರಿ ಬಿತ್ತಿಗೆಯ ಹದ ಕೆಲವೇ ದಿನಗಳದ್ದು. ಮೇಲಿನ ಮಣ್ಣು ಕಾಲಿಗೆ ಅಂಟದಷ್ಟು ಆರಿರಬೇಕು, ಕೆಳಗೆ ಹಸಿ ಇರಬೇಕು. ಬೀಜ ಮೇಲೇ ಬಿದ್ದರೆ ಹುಟ್ಟುವುದಿಲ್ಲ, ತೀರಾ ಆಳಕ್ಕಿಳಿದರೆ ಮೊಳಕೆ ಹೊರಗೆ ಬರುವುದಿಲ್ಲ. ಹದ ತಪ್ಪಿತೆಂದರೆ ಆ ವರ್ಷದ ಪೀಕು ಕೈಬಿಟ್ಟಂತೆ. ಅಂಥ ಹೊತ್ತಿನಲ್ಲಿ ಅಪ್ಪ ಬಂದು, "ಹೊಸಾ ಕೂರಿಗಿ ನಿಮ್ಮ ಹೊಲದಾಗ ಒಂದ ಎಕರೆ ನೋಡೂಣೇನು?" ಎಂದಾಗ "ಹೂಂ, ಬರ್ರಿ" ಎಂದವರು ನೀವು. ತಮ್ಮ ಹೊಲದಲ್ಲಿ ನೋಡದೆ ಅವರು ಮತ್ತೊಬ್ಬರ ಹೊಲಕ್ಕೆ ಇಳಿದವರಲ್ಲ, ನಿಜ. ಆದರೆ ಒಂದೇ ಬದುವಿನ ಆಚೆ ಈಚೆ ಮಣ್ಣು ಬೇರೆ ಇರುತ್ತದೆ ಎಂಬುದು ನಿಮಗೂ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟಿರಿ. ಅಪ್ಪನನ್ನು ಎಲ್ಲರೂ ಹೊಗಳುತ್ತಾರೆ. ನಿಮ್ಮ ಆ ಎಕರೆಗಳಿಲ್ಲದಿದ್ದರೆ ಅವರ ಕೂರಿಗೆ ನಮ್ಮ ಹಿತ್ತಲು ದಾಟುತ್ತಿರಲಿಲ್ಲ.

ಕೂರಿಗೆಯ ಮೂಲ ಅವ್ವ. ಹಳೆಯ ಮೂರು ತಾಳಿನ, ಅಂದರೆ ಬೀಜ ಇಳಿಯುವ ಮೂರು ಕೊಳವೆಯ, ಕೂರಿಗೆಯಲ್ಲಿ ಮೇಲಿನ ಬಟ್ಟಲಿಗೆ ಬೀಜ ಬಿಡುವುದು ಹೆಣ್ಣುಮಕ್ಕಳ ಕೈ. ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಮೂರೂ ತಾಳಿಗೆ ಸಮನಾಗಿ ಇಳಿಯುವಂತೆ ದಿನವಿಡೀ ಬಿಡಬೇಕು. ಅವ್ವ ಅದರಲ್ಲಿ ಪಳಗಿದವಳು. ಅವಳಿಗೆ ಮೊಣಕಾಲು ನೋವು ಶುರುವಾದ ಮೇಲೆಯೇ ಅಪ್ಪ ಬೀಜ ತಾನೇ ಇಳಿಯುವ ಪೆಟ್ಟಿಗೆ ಕೂರಿಗೆಗೆ ಕೈ ಹಾಕಿದ್ದು. ಹಳೆಯ ಸೈಕಲ್ಲಿನ ಚೈನು, ಹಲ್ಲಿನ ಚಕ್ರ, ಕುಳಿ ಕೊರೆದ ಒಂದು ಕಟ್ಟಿಗೆಯ ಉರುಳೆ. ಅಣ್ಣಿಗೇರಿ ತಳಿಯ ಕಡಲೆಗೆ ಕೊರೆದ ಕುಳಿ ಜೆಜಿ-11 ಎಂಬ ಇನ್ನೊಂದು ಕಡಲೆ ತಳಿಗೆ ಸಾಲಲಿಲ್ಲ, ಅದರ ಕಾಳು ದಪ್ಪ. ಜೋಳಕ್ಕೆ ಬೇರೆಯದೇ ಉರುಳೆ. ಕಡಲೆಯ ಸಾಲುಗಳ ನಡುವೆ 1 ಅಡಿ, ಹಿಂಗಾರಿ ಜೋಳಕ್ಕೆ 1.5 ಅಡಿ ಬಿಡಬೇಕು, ಹಾಗಾಗಿ ತಾಳುಗಳನ್ನು ಸರಿಸಲು ಬರುವಂತೆ ಮಾಡಿದರು. ಅಂಗಳದಲ್ಲಿ ತಾಡಪತ್ರಿ ಹಾಸಿ ಕೂರಿಗೆ ಎಳೆಯುವರು. ಅವ್ವ ಬಿದ್ದ ಕಾಳು ನೋಡಿ, "ನಡುವಿನ ತಾಳು ಹೆಚ್ಚಿಗಿ ಉಗುಳಾಕತ್ತೈತಿ" ಎನ್ನುವಳು. ಅವರು ಮತ್ತೆ ಬಿಚ್ಚುವರು. ಯಂತ್ರ ಅಪ್ಪನದು, ಅಳತೆ ಅವ್ವನ ಕೈಯದು. ಇಷ್ಟು ವರ್ಷ ಇದನ್ನು ಯಾರೂ ಎದ್ದು ನಿಂತು ಹೇಳಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತಿಗೆ ರಜೆಯಾದ ಆ ದಿನವೇ ಅಪ್ಪನ ಕಬ್ಬಿಣದ ಕೆಲಸ. ನಸುಕಿನಲ್ಲಿ ಜಳಕ, ಹಣೆಗೆ ವಿಭೂತಿ, ಇಷ್ಟಲಿಂಗ ಪೂಜೆ, ಆಮೇಲೆ ಸುತ್ತಿಗೆ. ಎರಡನ್ನೂ ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದರು. ನೆರೆಮನೆಯವರೇ, ಆ ಕುಟ್ಟುವ ಸಪ್ಪಳವನ್ನು ಇಷ್ಟು ವರ್ಷ ತಾಳಿಕೊಂಡಿರಿ. ವೆಲ್ಡಿಂಗ್ ಅಂಗಡಿಯ ಕಾಕಾ, ರಂಜಾನ್ ಉಪವಾಸದಲ್ಲೂ ಬಿಸಿಲಿಗೆ ಕೂತು ಕೂರಿಗೆಯ ಕುಡ, ಮಣ್ಣು ಸೀಳುವ ಆ ಕಬ್ಬಿಣದ ತುದಿ, ಬೆಸೆದುಕೊಟ್ಟಿರಿ. ಉದ್ರಿ ಬರೆದ ಪುಸ್ತಕವನ್ನು ಅಪ್ಪನ ಮುಂದೆ ಒಮ್ಮೆಯೂ ತೆರೆಯಲಿಲ್ಲ. ನಿಮ್ಮ ಋಣ ದೊಡ್ಡದು.

ಅಪ್ಪ ಮುಖತಃ ನೋಡದ ಒಬ್ಬರಿಗೂ ನಮಸ್ಕಾರ ಸಲ್ಲಬೇಕು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಕೂರಿಗೆ ಎಲ್ಲಿ ಓಡಿದರೂ ಅಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಹುಣಸೆ ಬೀಜ ತೆಗೆಯುವ ಯಂತ್ರದಿಂದ ಹಿಡಿದು ಕಬ್ಬು ನಾಟಿಯ ಯಂತ್ರದವರೆಗೆ ಮಾಡಿದ ಆ ರೈತರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. "ನಮ್ಮಂಥಾವ್ರ ಕೆಲಸಕ್ಕ ಸರ್ಕಾರ ಕೈಮುಗೀತು" ಎಂದು ಕಣ್ಣು ಒರೆಸಿಕೊಂಡರು.

ಇನ್ನು ಕಳೆದ ವರ್ಷದ ಮಾತು. ಸರಿಯಾಗಿ ಹಿಂಗಾರಿ ಹದಕ್ಕೆ ಅಪ್ಪ ಹಾಸಿಗೆ ಹಿಡಿದರು, ನಾವೆಲ್ಲ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ಹೊಲದ ಆಸೆ ಬಿಟ್ಟಿದ್ದೆವು. ಓಣಿಯ ಹುಡುಗರು ಹಿತ್ತಲಿನಿಂದ ಕೂರಿಗೆ ತೆಗೆದು, ತಮ್ಮ ತಮ್ಮ ಮನೆಯ ಎತ್ತು ಹೂಡಿ, ಅವ್ವ ಹಸನು ಮಾಡಿ ಇಟ್ಟಿದ್ದ ಬೀಜವನ್ನೇ ಬಿತ್ತಿ, ಸಾಲಿನ ಚಿತ್ರವನ್ನು ಫೋನಿಗೆ ಕಳಿಸಿದರು. ಅಪ್ಪ ಅದನ್ನು ದೊಡ್ಡದು ಮಾಡಿಸಿ ಸಾಲು ಸಾಲಾಗಿ ನೋಡಿದರು. "ನಡುವಿನ ತಾಳು ಸರಿ ಆಗೈತಿ" ಎಂದರು. ರಾತ್ರಿ ಪಾಳಿಯ ನರ್ಸ್ ಅಕ್ಕನಿಗೂ ಆ ಚಿತ್ರ ತೋರಿಸಿದರು. ರಕ್ತ ಕೊಟ್ಟವರಿಗೆ, ಬುತ್ತಿ ತಂದವರಿಗೆ, ಕಾರ್ತಿಕದಲ್ಲಿ ಅಪ್ಪ ಲಿಂಗೈಕ್ಯರಾದಾಗ ಇಡೀ ರಾತ್ರಿ ಭಜನೆ ಹಾಡಿದ ಮೇಳದವರಿಗೆ, ಮಣ್ಣು ಮಾಡುವ ತನಕ ಅವ್ವನ ಕೈ ಬಿಡದ ಅಕ್ಕಂದಿರಿಗೆ ನಾವು ಮೂವರೂ ಕೈಮುಗಿಯುತ್ತೇವೆ.

ಎತ್ತಿಲ್ಲದವರಿಗೆಂದು ಅಪ್ಪ ಮಾಡಿದ, ಸಾಲಿನ ನಡುವಿನ ಕಳೆ ತೆಗೆಯುವ ಸೈಕಲ್ ಎಡೆಕುಂಟೆಗಳು ಹಿತ್ತಲಲ್ಲೇ ಇವೆ. ಮೊದಲಿನಂತೆ ಬಂದು ಒಯ್ಯಿರಿ, ಬಾಡಿಗೆ ಇಲ್ಲ. ಕೂರಿಗೆಯ ಉರುಳೆಗಳ ಅಳತೆಯನ್ನು ಅಪ್ಪನ ವಹಿಯಿಂದ ತಮ್ಮ ನಕಲು ತೆಗೆಸಿದ್ದಾನೆ. ಒಂದು ಪ್ರತಿ ಕಾಕಾನ ಅಂಗಡಿಯಲ್ಲಿದೆ, ಇನ್ನೊಂದು ಅವ್ವನ ಹತ್ತಿರ. ಮಾಡಿಸಿಕೊಳ್ಳುವವರು ಮುಂಗಾರಿಗೆ ಮೊದಲೇ ಬನ್ನಿ, ಕಾಳು ಇಳಿಯುವುದನ್ನು ಅವ್ವ ನೋಡಿಕೊಡುತ್ತಾಳೆ.