ಇಲಿಗಳನ್ನು ಕ್ಲಾಸಿಗೆ ಬಿಡು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ನೋಡಿದೆ. ನಾಲ್ಕನೇ ಕ್ಲಾಸಿನ ಮಕ್ಕಳು ಪಾಠವನ್ನು ಗಡಗಡ ಓದುತ್ತಾರೆ, ‘ನೀವೇ ಏನಾದರೂ ಬರೀರಿ’ ಅಂದರೆ ಮಾತ್ರ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರೆ ಅಂತ ಬೇಜಾರು ಮಾಡಿಕೊಂಡಿದ್ದೀಯ. ಮಕ್ಕಳದ್ದೇನೂ ತಪ್ಪಿಲ್ಲ ಮಾರಾಯ. ‘ಒಂದು ವಾಕ್ಯದಲ್ಲಿ ಉತ್ತರಿಸಿ’ ಅಂತ ಕೇಳಿ ಕೇಳಿ ಉತ್ತರವೆಲ್ಲ ಪಾಠದೊಳಗೇ ಇರುತ್ತದೆ ಅಂತ ಅವರು ನಂಬಿಬಿಟ್ಟಿದ್ದಾರೆ. ಅಲ್ಲಿ ಇಲ್ಲದ್ದನ್ನು ಕೇಳಿದರೆ ಎಲ್ಲಿ ಹುಡುಕಬೇಕು ಪಾಪ?

ನಾನು ಸುಮ್ನೆ ನನ್ನ ಕ್ಲಾಸಿನಲ್ಲಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಪದ್ಯವನ್ನು ಹಿಡಿದುಕೊಂಡೆ. ಇಲಿಗಳನ್ನು ಓಡಿಸಿದ ಜೋಗಿಗೆ ಗೌಡ ಹೇಳಿದ ದುಡ್ಡು ಕೊಡುವುದಿಲ್ಲ, ಜೋಗಿ ಊರ ಮಕ್ಕಳನ್ನೇ ಕರೆದುಕೊಂಡು ಹೋಗಿಬಿಡುತ್ತಾನೆ, ಅದೇ ಕಥೆ. ಮೊದಲೆರಡು ಸಲ ನಾನೇ ಜೋರಾಗಿ ಓದಿದೆ. ಮಕ್ಕಳ ಕೈಯಲ್ಲಿ ಪುಸ್ತಕ ಇರಲಿಲ್ಲ, ಕಿವಿ ಮಾತ್ರ. ಇಲಿಗಳು ಸಾಲುಗಟ್ಟಿ ಬರುವ ಭಾಗ ಗೊತ್ತಲ್ಲ, ಅಣ್ಣಿಲಿ, ತಮ್ಮಿಲಿ ಅಂತ? ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೊಂದು ಇಲಿಯ ಹೆಸರು ಬರೆದು ಚೀಟಿ ಮಾಡಿ ಹಂಚಿದೆ. ಓದಲು ತಡವರಿಸುವ ಹುಡುಗನಿಗೂ ಒಂದು ಇಲಿ. ಅವನ ಸರದಿ ಬಂದಾಗ ಒಂದೇ ಪದ ಕೂಗಿದರೆ ಸಾಕು. ಆಮೇಲೆ ‘ನಿಮ್ಮ ಇಲಿ ಯಾವುದು?’ ಅಂದೆ. ಅಜ್ಜಿಲಿ ಬಂತು, ಡ್ರೈವರಿಲಿ ಬಂತು, ಕೊನೆಗೆ ಮೇಷ್ಟ್ರಿಲಿಯೂ ಬಂತು! ಎರಡು ಪದ ಸೇರುವಾಗ ನಡುವಿನ ಸ್ವರವೊಂದು ಬಿಟ್ಟುಹೋಗುತ್ತದಲ್ಲ, ಆ ಲೋಪಸಂಧಿಯ ಹೆಸರೆತ್ತದೆ ಲೋಪಸಂಧಿ ಮುಗಿಯಿತು. ಹೆಸರು ಹೇಳುವುದಕ್ಕೇನು, ಹೈಸ್ಕೂಲಿನವರು ಹೇಳಿಕೊಳ್ಳಲಿ.

ಬರವಣಿಗೆ ಶುರುವಾದದ್ದು ಇದರ ನಂತರ. ರಾಬರ್ಟ್ ಬ್ರೌನಿಂಗ್ ಅನ್ನುವ ಇಂಗ್ಲಿಷ್ ಕವಿಯ ಪದ್ಯವೊಂದು 1842ರಲ್ಲಿ ಅಚ್ಚಾಗಿತ್ತು, ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆ. ಕುವೆಂಪು ಅದನ್ನು ವೇಸರ್ ನದಿಯ ದಡದಿಂದ ಎತ್ತಿ ತುಂಗೆಯ ದಡದಲ್ಲಿ ಇಟ್ಟರು. ಮೇಯರ್ ಹೋಗಿ ಗೌಡ ಬಂದ, ಪೀಪಿ ಊದುವವನು ಹೋಗಿ ಕಿಂದರಿಯ ಜೋಗಿ ಬಂದ. ಇಷ್ಟನ್ನು ಮಕ್ಕಳಿಗೆ ಹೇಳಿ, ‘ಈಗ ಕಥೆಯನ್ನು ನಮ್ಮೂರಿಗೆ ತನ್ನಿ’ ಅಂದೆ.

ನಮ್ಮೂರಲ್ಲಿ ಇಲಿಗಿಂತ ಕೋತಿ ಕಾಟ ಜಾಸ್ತಿ. ಹೆಂಚು ತೆಗೆಯುತ್ತವೆ, ಒಣಗಲು ಹಾಕಿದ ಹಪ್ಪಳ ಬಿಡುವುದಿಲ್ಲ. ಹಾಗಾಗಿ ಹೆಚ್ಚಿನವರು ಕೋತಿ ಹಿಡಿಯುವವನನ್ನು ಕರೆಸಿದರು. ಗೌಡನ ಬದಲು ಪಂಚಾಯ್ತಿ. ಒಂದು ಗುಂಪು ಬರೆದದ್ದು ಕೇಳು: ಕೋತಿಗಳೆಲ್ಲ ಹೋದ ಮೇಲೆ ಅವನು ದುಡ್ಡು ಕೇಳಲು ಬರುತ್ತಾನೆ. ‘ಬಿಲ್ ಇನ್ನೂ ಪಾಸಾಗಿಲ್ಲ, ಮುಂದಿನ ವಾರ ಬಾ’ ಅನ್ನುತ್ತಾರೆ! ಮಾತು ತಪ್ಪುವುದು ಅಂದರೆ ಏನು ಅಂತ ನಾನು ವಿವರಿಸಬೇಕಾಗಲೇ ಇಲ್ಲ. ಅದಕ್ಕೇ ‘ಈ ಕಥೆಯ ನೀತಿ ಏನು?’ ಅನ್ನುವ ಪ್ರಶ್ನೆ ನನಗೆ ಆಗಿಬರುವುದಿಲ್ಲ. ಅದನ್ನು ಕೇಳಿದ ಕೂಡಲೇ ಮಕ್ಕಳು ನಮಗೆ ಬೇಕಾದ ಮುಖ ಹಾಕಿಕೊಳ್ಳುತ್ತಾರೆ. ‘ಜೋಗಿ ಮಕ್ಕಳನ್ನು ಕರೆದುಕೊಂಡು ಹೋದದ್ದು ಸರೀನಾ?’ ಅಂತ ಕೇಳಿ ನೋಡು, ಜಗಳವೇ ಬೀಳುತ್ತದೆ. ಜಗಳ ಬಿಸಿ ಇರುವಾಗಲೇ ಹಾಳೆ ಕೊಡು.

ಇನ್ನೊಂದು ಚಟುವಟಿಕೆ, ಜೋಗಿಯ ಜೊತೆ ಹೋಗಲಾಗದೆ ಎಲ್ಲರ ಹಿಂದೆ ಉಳಿದುಬಿಡುವ ಕುಂಟ ಹುಡುಗನ ಡೈರಿ ಬರೆಯುವುದು. ಒಬ್ಬಳು ಬರೆದಿದ್ದಳು: ‘ನಾಳೆ ಹಾಜರಿ ಕರೆಯುವಾಗ ನನ್ನ ಹೆಸರು ಒಂದೇ ಇರುತ್ತೆ.’ ಅದರಲ್ಲಿ ಎರಡು ಒತ್ತಕ್ಷರ ತಪ್ಪಿದ್ದವು. ನಾನು ಕೆಂಪು ಪೆನ್ನು ಮುಟ್ಟಲಿಲ್ಲ. ಗೋಡೆಗೆ ಅಂಟಿಸುವ ಮೊದಲು ಮಕ್ಕಳೇ ಪಕ್ಕದವರಿಗೆ ಓದಿ ಹೇಳಿ ತಿದ್ದಿಕೊಳ್ಳುತ್ತಾರೆ, ಅಲ್ಲಿಯವರೆಗೆ ತಪ್ಪು ಇದ್ದರೆ ಇರಲಿ.

ಪುಸ್ತಕ ಕಡಿಮೆ ಅಂದಿದ್ದೆಯಲ್ವಾ? ಮಕ್ಕಳ ಪುಸ್ತಕ ಹೊರತರುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡು. 2015ರಿಂದ ಇದೆ. ಕನ್ನಡದ ಕಥೆಗಳೂ ಉಚಿತ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಬಹುದು. ಓದಿನ ಮಟ್ಟ ನೋಡಿ ಆರಿಸಿಕೋ, ಒಂದನೇ ಮಟ್ಟದ್ದನ್ನು ನಾಲ್ಕನೇ ಕ್ಲಾಸಿಗೆ ಕೊಟ್ಟರೆ ನಗುತ್ತಾರೆ. ಒಂದು ವಾರಕ್ಕೆ ಒಂದೇ ಕಥೆ ಸಾಕು, ಅವಸರ ಬೇಡ.

ನಿಮ್ಮ ಕಡೆ ಕೋತಿಯೋ, ಕಾಡುಹಂದಿಯೋ? ಮಕ್ಕಳು ಬರೆದದ್ದರ ಫೋಟೋ ತೆಗೆದು ಕಳಿಸು, ನಮ್ಮ ಕ್ಲಾಸಿನಲ್ಲಿ ಓದಿಸುತ್ತೇನೆ.

ಇಂತಿ,
ನಿನ್ನ ಮೇಷ್ಟ್ರಿಲಿ